ಮೀನಿನ ತೊಟ್ಟಿಗೆ ನಾಮ ಮೂಡಿದ್ದು

ಪಂಗಡ, ಮತಭೇದ ಇವನ್ನೆಲ್ಲ ಮೀರಿದವನು ನಾನು ಎಂದು ಹೇಳಿಕೊಳ್ಳುವುದಕ್ಕೆ ಆಫೀಸಿನಷ್ಟು ಅನುಕೂಲವಾದ ಜಾಗ ಬೇರೊಂದಿಲ್ಲ. ಮದರಾಸಿನ ಪ್ಯಾರೀಸ್ ಕಾರ್ನರಿನ ನಮ್ಮ ವಿಮಾ ಕಚೇರಿಯಲ್ಲಿ ಮಧ್ಯಾಹ್ನದ ಕಾಫಿ ಹೀರುತ್ತ ನಾನು ಎಷ್ಟೋ ಸಲ ಹಾಗೆ ಹೇಳಿಕೊಂಡಿದ್ದೇನೆ. ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಪರೀಕ್ಷೆ ನಡೆಯುವುದು ಬಾಡಿಗೆ ಮನೆಯಲ್ಲಿ. ನನ್ನದು ನಡೆದದ್ದು ಪುರಸೈವಾಕ್ಕಂನಲ್ಲಿ, ಒಂದು ಮೀನಿನ ತೊಟ್ಟಿಯ ಮುಂದೆ.

ತೊಟ್ಟಿ ನನ್ನದಲ್ಲ, ನನ್ನ ಹೆಂಡತಿ ವೇದಾಳ ತಮ್ಮ ಸಂಪತ್ತುವಿನದು. ಅವನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ತಾಂಬರಂನ ತನ್ನ ಒಂಟಿ ಕೋಣೆಯಲ್ಲಿ ಜಾಗವಿಲ್ಲವೆಂದು ತೊಟ್ಟಿಯನ್ನು ನಮ್ಮ ಹಜಾರದಲ್ಲಿ ತಂದು ಕೂರಿಸಿದ. ಸಮುದ್ರದ ನೀರು, ಸಮುದ್ರದ ಕಲ್ಲು, ಸಮುದ್ರದ ಮೀನು, ಗುಳ್ಳೆ ಬಿಡಲು ಗುಂಯ್‌ಗುಡುವ ಒಂದು ಮೋಟಾರು. ಭಾವನಾದ ತಪ್ಪಿಗೆ, ಬೀಚಿನಿಂದ ಡಬ್ಬಗಳಲ್ಲಿ ನೀರು ತುಂಬಿ ರಿಕ್ಷಾದಲ್ಲಿ ತರುವ ಕೆಲಸ ನನ್ನ ಪಾಲಿಗೆ ಬಂತು. ಬಂಗಾಳ ಕೊಲ್ಲಿಯ ಸ್ವಲ್ಪ ಭಾಗ ನನ್ನ ಪಂಚೆಯ ಮೇಲೆಯೇ ಚೆಲ್ಲುತ್ತಿತ್ತು.

ಕೆಳಗಿನ ಮನೆಯಲ್ಲಿ ಯಜಮಾನರು ಶಠಗೋಪಾಚಾರ್ಯರಿದ್ದರು. ಮಂಡ್ಯದ ಕಡೆಯಿಂದ ಬಂದ ಮನೆತನ. ಮೂರು ತಲೆಮಾರು ಮದರಾಸಿನಲ್ಲೇ ಕಳೆದು, ಅವರ ಕನ್ನಡದಲ್ಲಿ ಕನ್ನಡವನ್ನು ಹುಡುಕಬೇಕಾಗಿತ್ತು. ಮಹಡಿಯ ನಮ್ಮ ಮನೆಗೆ ಬಂದು ತೊಟ್ಟಿಯನ್ನು ನೋಡಿದ ದಿನವೇ, "ಎನ್ನ ಸಾರ್, ಮಾಡಿ ಮೇಲೆ ಸಮುದ್ರ ವೆಚ್ಚಿದ್ದೀರಿ. ಆಚಾರವಂತರ ಮನೇಲಿ ಮೀನಾ? ದೀಪಾವಳಿ ಒಳಗೆ ಮೀನು ಹೋಗ್ಬೇಕು, ಇಲ್ಲಾಟ್ಟಿ ನೀವು ಹೋಗ್ಬೇಕು" ಎಂದರು.

ಮೀನಿಗಿಂತ ದೊಡ್ಡ ತೊಡಕು ಇನ್ನೊಂದಿತ್ತು. ನಾವೂ ಅವರೂ ಅಯ್ಯಂಗಾರರೇ ಆದರೂ ನಾವು ವಡಗಲೆ, ಅವರು ತೆಂಗಲೆ. ನಮ್ಮ ನಾಮ ಹುಬ್ಬಿನ ನಡುವೆ ಗುಂಡಾಗಿ ಮುಗಿಯುತ್ತದೆ. ಅವರದಕ್ಕೆ ಮೂಗಿನ ಮೇಲೆ ಇಳಿಯುವ ಪಾದವೊಂದಿದೆ. ಆ ಒಂದಂಗುಲ ಪಾದದ ಬಗ್ಗೆ ಹಿರಿಯರು ಕೋರ್ಟಿನವರೆಗೂ ಹೋಗಿದ್ದಾರೆ.

ಸ್ವಲ್ಪ ಕಾಲದಲ್ಲೇ ತೊಟ್ಟಿಯ ಕಲ್ಲುಗಳ ಮೇಲೆ ಗುಲಾಬಿ ಬಣ್ಣದ ಹಕ್ಕಳೆ ಹರಡಿತು. ವೇದಾ ತೆಂಗಿನ ನಾರು, ಹುಣಸೆಹಣ್ಣು ಸಿದ್ಧಮಾಡಿಕೊಂಡು ತಮ್ಮನಿಗೆ ಹೇಳಿಕಳಿಸಿದಳು.

"ಅಕ್ಕಾ, ಅದು ಕೊಳೆ ಅಲ್ಲ, ಪಾಚಿ" ಎಂದ ಸಂಪತ್ತು. "ನೀರಿನಲ್ಲಿರೋ ಸುಣ್ಣ ಹೀರ್ಕೊಂಡು ಕಲ್ಲಿನ ಹಾಗೆ ಗಟ್ಟಿಯಾಗತ್ತೆ. ಕಲ್ಲುಗಳನ್ನ ಒಂದಕ್ಕೊಂದು ಕಚ್ಚಿಸಿ ಹಿಡಿಯತ್ತೆ. ಅದು ಹತ್ತಿದ ಕಡೆ ಹಸಿರು ಲೋಳೆ ಸುಲಭವಾಗಿ ಕೂರಲ್ಲ. ಅದು ಬೆಳೀತಿದೆ ಅಂದ್ರೆ ನೀರು ಚೆನ್ನಾಗಿದೆ ಅಂತ ಅರ್ಥ."

"ಪಾಚಿ ಬರದೇ ಇರ್ಲಿ ಅಂತ ಪಾಚಿ ಸಾಕ್ತೀಯ? ಇದಕ್ಕೆ ನಿನಗೆ ಸಂಬಳ ಬೇರೆ ಕೊಡ್ತಾರೆ" ಎಂದು ಅವಳು ನಾರು ನೆನೆಸತೊಡಗಿದಳು.

ಉಜ್ಜಲು ಹೋದಾಗ ಕಣ್ಣಿಗೆ ಬಿತ್ತು: ಬೆಳಕು ಬೀಳುವ ಕಡೆಯ ಗಾಜಿನ ಮೇಲೆ ಅದೇ ಪಾಚಿ ಎರಡು ಗೆರೆಗಳಾಗಿ ಇಳಿದು ಕೆಳಗೆ ದುಂಡಗೆ ಕೂಡಿಕೊಂಡಿತ್ತು. ನಡುವೆ ಗುಲಾಬಿ, ಅಂಚಿನಲ್ಲಿ ಬಿಳುಪು. ಸಾಕ್ಷಾತ್ ವಡಗಲೆ ನಾಮ. ವೇದಾ ನಾರನ್ನು ಬಿಸುಟು ಕೈ ಮುಗಿದಳು. ಮರುದಿನದಿಂದ ತೊಟ್ಟಿಯ ಮುಂದೆ ದೀಪ. ಮತ್ಸ್ಯಾವತಾರವೆಂದು ಬೀದಿಯ ಹೆಂಗಸರು ನೋಡಲು ಬಂದರು. ನನಗೆ ಆರಾಮಕುರ್ಚಿ ಹಾಕಲು ಜಾಗ ಉಳಿಯಲಿಲ್ಲ. ಆಚಾರ್ಯರೂ ಮೇಲೆ ಹತ್ತಿ ಬಂದು ಕನ್ನಡಕ ಏರಿಸಿ ನೋಡಿದರು. "ಇದು ಪಾಚಿ ಸಾರ್. ವೆರೀ ಆರ್ಡಿನರಿ ಪಾಚಿ. ಸೈನ್ಸ್ ಓದಿದವರು ನೀವು ಇದನ್ನೆಲ್ಲ ನಂಬ್‌ಬಾರದು" ಎಂದು ಇಳಿದುಹೋದರು.

ಪಾಚಿ ಬೆಳೆಯುವುದನ್ನು ನಿಲ್ಲಿಸಲಿಲ್ಲ. ದೀಪಾವಳಿ ಹತ್ತಿರವಾದಾಗ ನಾಮದ ಬುಡದಿಂದ ಸಣ್ಣದೊಂದು ಕವಲು ಕೆಳಗಿಳಿಯಿತು. ಪಾದ. ಸುದ್ದಿ ಹೇಗೆ ಮುಟ್ಟಿತೋ, ಆಚಾರ್ಯರು ತುಳಸಿ ಹಿಡಿದು ಬಂದು ನಿಂತರು. ಅವರ ಕಣ್ಣು ಒದ್ದೆಯಾಗಿತ್ತು.

"ಪೆರುಮಾಳೇ ತೋರಿಸಿದ್ದಾನೆ ಸಾರ್. ಈ ಮನೇಲಿ ನೀವು ಎಷ್ಟು ವರ್ಷ ಬೇಕಾದರೂ ಇರಿ."

ಅವರು ಇಳಿದ ಮೇಲೆ ವೇದಾ ದೀಪ ಆರಿಸಿದಳು. "ಬರೀ ಪಾಚಿ. ಸಂಪತ್ತು ಮೊದಲೇ ಹೇಳಿದ್ದ" ಎಂದಳು.

ಮನೆ ಉಳಿದರೆ ಸಾಕೆಂದು ನಾನು ಅವಳನ್ನು ಬೇಡಿಕೊಂಡೆ. "ನಿಮ್ಮ ಅಪ್ಪ ಇದ್ದಿದ್ದರೆ ಈ ಮಾತು ಆಡ್ತಿದ್ರಾ?" ಎಂದಳು. ನನ್ನ ಅಪ್ಪ ಪಾದದ ನಾಮದವರ ಮನೆಯಲ್ಲಿ ನೀರೂ ಕುಡಿದವರಲ್ಲ. ನಾನು ಆಫೀಸಿಗೆ ಹೋದ ಮೇಲೆ ಅವಳು ನನ್ನ ಶೇವಿಂಗ್ ಬ್ಲೇಡಿನಿಂದ ಪಾದವನ್ನು ಕೆರೆದು ತೆಗೆದಳು. ಸಂಜೆ ಆಚಾರ್ಯರು ತೊಟ್ಟಿಯ ಮುಂದೆ ಕೂತು ನನಗಾಗಿ ಕಾಯುತ್ತಿದ್ದರು.

"ಪಾದ ಎಲ್ಲಿ?"

"ಕಲ್ಲಿನ ಜೊತೆ ಬಂದ ಶಂಖದ ಹುಳು ತಿಂದಿರಬೇಕು" ಎಂದೆ.

"ಪಾದ ಮಾತ್ರ ತಿನ್ನೋ ಹುಳುವಾ? ಹಾಗಾದರೆ ಅದೂ ನಿಮ್ಮವರದ್ದೇ."

ಕೆರೆದ ಜಾಗದಲ್ಲಿ, ಸಂಪತ್ತು ಹೇಳಿದಂತೆಯೇ, ಹಸಿರು ಲೋಳೆ ಬಂದು ಕೂತಿತು. ಅದಕ್ಕೆ ಯಾವ ಆಕಾರವೂ ಇರಲಿಲ್ಲ. ಇಬ್ಬರಲ್ಲಿ ಯಾರೂ ಅದನ್ನು ತಮ್ಮದೆನ್ನಲಿಲ್ಲ. ಅದು ನಿಶ್ಚಿಂತೆಯಿಂದ ಇಡೀ ಗಾಜನ್ನು ಆವರಿಸಿತು. ಆಚಾರ್ಯರ ಹಳೆಯ ಗಡುವಿನಂತೆ, ದೀಪಾವಳಿಯ ಎಣ್ಣೆಸ್ನಾನ ಮುಗಿಸಿ ನಾವು ಗಂಟುಮೂಟೆ ಕಟ್ಟಿದೆವು. ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಬಂಡೆಯಾಗಿದ್ದವು. ಎರಡು ವೈಷ್ಣವ ಮನೆಗಳನ್ನು ಬೇರೆ ಮಾಡಿದ ಪಾಚಿ ಅವುಗಳನ್ನು ಮಾತ್ರ ಬಿಡದೆ ಕೂಡಿಸಿತ್ತು.

ಹೊಸ ಮನೆಯ ಯಜಮಾನರು ಹಣೆಗೆ ಮೂರು ಬೆರಳಿನ ವಿಭೂತಿ ಬಳಿಯುವವರು. ಮೊದಲ ದಿನವೇ ತೊಟ್ಟಿಯನ್ನು ನೋಡಿ ಮುಖ ಸಿಂಡರಿಸಿದರು. ಅವರು ಹೋದ ಮೇಲೆ ಸಂಪತ್ತು ಗಾಜನ್ನು ಒರೆಸುತ್ತ, "ಭಾವ, ಪಾಚಿ ಬೆಳಕು ನೋಡ್ಕೊಂಡು ಬೆಳೆಯತ್ತೆ. ತೊಟ್ಟೀನ ಯಾವ ಕಡೆ ತಿರುಗಿಸಿಡಲಿ?" ಎಂದು ಕೇಳಿದ.

ನಾನು ಬಾಗಿಲು ಮುಚ್ಚಿ ಬಂದು ಮೆಲ್ಲಗೆ ಹೇಳಿದೆ: "ಅಡ್ಡಡ್ಡ ಬೆಳೆಯೋ ಹಾಗೆ ಇಡಪ್ಪ."