ವರದಿಗೆ ಅಡಿಗಲ್ಲು

ಚುನಾವಣೆಯಲ್ಲಿ ಸೋತ ಸಚಿವರು ಫಲಿತಾಂಶ ಹೊರಬಿದ್ದ ಮೂರನೆಯ ಕೆಲಸದ ದಿನದಿಂದ ಚಿಂತಕರಾಗತಕ್ಕದ್ದು ಎಂದು ಕುಡಿಯುವ ನೀರಿನ ಚಿಂತನ ಕೇಂದ್ರದ ನಿಯಮಾವಳಿಯ ಹನ್ನೊಂದನೆಯ ಕಲಮು ಹೇಳುತ್ತದೆ. ಮೊದಲ ಎರಡು ದಿನ ಬೇಜಾರಿಗೆಂದು ಬಿಟ್ಟದ್ದು. ನೀರು ಸರಬರಾಜು ಖಾತೆಯ ಮಾಜಿ ಸಚಿವರು ಬೇಜಾರನ್ನು ಒಂದೂವರೆ ದಿನದಲ್ಲೇ ಮುಗಿಸಿದ್ದರು. ಆದರೂ ನಿಯಮಕ್ಕೆ ಬೆಲೆ ಕೊಟ್ಟು, ಉಳಿದರ್ಧ ದಿನ ಮನೆಯಲ್ಲಿ ಸುಮ್ಮನೆ ಕೂತಿದ್ದು ಮೂರನೆಯ ದಿನವೇ ಕೆಲಸಕ್ಕೆ ಬಂದರು.

ಕೇಂದ್ರವನ್ನು ಸಾಕುವವರು ದಾನಿಗಳು. ದಾನಿಗಳೆಂದರೆ ನೀರಿನ ಟ್ಯಾಂಕರ್ ಮಾಲೀಕರ ಸಂಘ. ನಲ್ಲಿಯಲ್ಲಿ ನೀರು ಯಾಕೆ ಬರುವುದಿಲ್ಲ ಎನ್ನುವ ವಿಷಯದಲ್ಲಿ ಊರಲ್ಲಿ ಇವರಷ್ಟು ಆಸಕ್ತಿ ಇರುವವರು ಬೇರೆ ಯಾರೂ ಇಲ್ಲ. ಸಂಶೋಧನೆಯಲ್ಲಿ ಅವರು ಎಂದೂ ಕೈಯಾಡಿಸಿದವರಲ್ಲ. ಅವರ ಮನಸ್ಸಿಗೆ ನೋವಾಗದಂತೆ ನೋಡಿಕೊಂಡರಾಯಿತು, ಮಿಕ್ಕಂತೆ ಪೂರ್ತಿ ಸ್ವಾತಂತ್ರ್ಯ.

ಹೊಸ ಚಿಂತಕರಿಗೆ ಕಟ್ಟಡ ತೋರಿಸುವ ಕೆಲಸ ಮೂರನೆಯ ಮಹಡಿಯ ಸಂಶೋಧಕಿಯ ಪಾಲಿಗೆ ಬಂತು. ಬಂದದ್ದು ಕಾಕತಾಳೀಯ. ನಾಲ್ಕು ವರ್ಷದಿಂದ ಅವಳು ಬರೆಯುತ್ತಿದ್ದ ವರದಿ ಇವರದೇ ಕಾಲದ ಒಂದು ನೀರಿನ ತೊಟ್ಟಿಯ ಮೇಲೆ. ಗುಡ್ಡದ ಬೀದಿಗೆ ನೀರು ಏರುವುದಿಲ್ಲವೆಂದು ಒಂಬತ್ತು ವರ್ಷದ ಹಿಂದೆ ಈ ಸಚಿವರೇ ಬಂದು ಮೇಲ್ತೊಟ್ಟಿಗೆ ಅಡಿಗಲ್ಲು ಹಾಕಿದ್ದರು. ಅಡಿಗಲ್ಲು ಬಂತು, ತೊಟ್ಟಿ ಬರಲಿಲ್ಲ. ಆ ಬೀದಿಯ ತುತ್ತತುದಿಯ ಮನೆಯಲ್ಲಿ ಸಂಶೋಧಕಿಯ ಅಮ್ಮ ಇದ್ದಾಳೆ. ಎರಡು ಮಂಡಿಯೂ ಹೋಗಿವೆ. ಬೆಳಿಗ್ಗೆ ಆರಕ್ಕೆ ಟ್ಯಾಂಕರಿನ ಹತ್ತಿರ ಸಾಲು ನಿಂತು ಕೊಡ ಹೊತ್ತು ಗುಡ್ಡ ಹತ್ತಬೇಕು.

ಆದರೂ ಆ ಯೋಜನೆಯಿಂದ ಪ್ರಯೋಜನವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಡಿಗಲ್ಲು ಒಳ್ಳೆಯ ಕಲ್ಲು. ಚೌಕ, ದಪ್ಪ, ಮೇಲ್ಭಾಗ ನುಣುಪು, ಸರಿಯಾಗಿ ಸೊಂಟದೆತ್ತರ. ಬೀದಿಯ ಅರ್ಧ ದಾರಿಯಲ್ಲಿ ನಿಂತಿತ್ತು. ಹೆಂಗಸರು ಅದರ ಮೇಲೆ ಕೊಡ ಇಟ್ಟು, ನಾಲ್ಕು ಉಸಿರು ತೆಗೆದುಕೊಂಡು, ಬಗ್ಗುವ ತಾಪತ್ರಯವಿಲ್ಲದೆ ಮತ್ತೆ ಎತ್ತಿಕೊಂಡು ಹೋಗುತ್ತಿದ್ದರು. ಅಮ್ಮ ದಿನಕ್ಕೆ ಆರು ಸಲ ಅಲ್ಲಿ ಕೊಡ ಇಳಿಸುವಳು. ಆ ಸಚಿವರಿಗೆ ವೋಟು ಹಾಕಿದ ಬೀದಿಗಳಲ್ಲಿ ಇದೂ ಒಂದು, ಕಾರಣ ಬರೀ ಆ ಕಲ್ಲು.

ಸಂಶೋಧಕಿಯ ವರದಿ ಮುಗಿದಿತ್ತು. ಮುನ್ನೂರ ಹನ್ನೆರಡು ಪುಟ. ನಗರಸಭೆಯ ಎಂಜಿನಿಯರ್ ಒಳ್ಳೆಯ ಮನುಷ್ಯ. ಕೇಂದ್ರದ ಮುದ್ರೆ ಇರುವ ಒಂದು ಅಚ್ಚಾದ ಪ್ರತಿ ಕೈಗೆ ಬಂದರೆ ಸಾಕು, ಮಾರನೆಯ ವಾರವೇ ತೊಟ್ಟಿಗೆ ಗುಂಡಿ ತೋಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಬಾಕಿ ಉಳಿದಿದ್ದು ಬಿಡುಗಡೆಯೊಂದೇ. ಅವಳು ಅಮ್ಮನಿಗೆ ಹೇಳಿಯೂ ಬಿಟ್ಟಿದ್ದಳು. ಅಮ್ಮ ನಲ್ಲಿಗೆ ಜಾಗ ನೋಡಿ, ಹಿತ್ತಿಲ ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿಟ್ಟಿದ್ದಳು.

ಮಾಜಿ ಸಚಿವರು ಮೊದಲ ದಿನ ಕೈಯಲ್ಲಿ ಒಂದು ಮಖಮಲ್ಲಿನ ಪೆಟ್ಟಿಗೆ ಹಿಡಿದು ಬಂದರು. ಅದರೊಳಗೆ ಅಡಿಗಲ್ಲು ಸಮಾರಂಭಗಳಲ್ಲಿ ಅವರು ಆಡಿಸುತ್ತಿದ್ದ ಬೆಳ್ಳಿಯ ಕರಣೆ. ಗಾರೆ ಕಲಸದೆ, ಗೋಡೆ ಕಟ್ಟದೆ ಹನ್ನೊಂದು ವರ್ಷ ದುಡಿದ ಕರಣೆ ಅದು. ಗ್ರಂಥಾಲಯ, ಸಭಾಂಗಣ, ಕಾಫಿ ಯಂತ್ರ ಎಲ್ಲ ನೋಡಿ ಆದಮೇಲೆ ಇಲ್ಲಿ ಏನೇನು ಕಾಮಗಾರಿ ನಡೆಯುತ್ತಿದೆ ಎಂದು ವಿಚಾರಿಸಿದರು. ಕಾಮಗಾರಿ ಅಂತ ಇಲ್ಲ, ವರದಿಗಳು ನಡೆಯುತ್ತಿವೆ ಎಂದಳು ಸಂಶೋಧಕಿ. ಎಷ್ಟು ಎಂದರು. ಏಳು ಎಂದಳು.

"ಏಳಕ್ಕೂ ಅಡಿಗಲ್ಲು ಹಾಕಿದ್ದಾರೇನಮ್ಮ?"

ಇಲ್ಲವೆಂದಾಗ ಅವರ ಮುಖ ಸಪ್ಪಗಾಯಿತು. ಅದು ನಟನೆಯಲ್ಲ. ಅಡಿಗಲ್ಲೇ ಇಲ್ಲದೆ ಇಷ್ಟು ವರ್ಷ ಇಷ್ಟು ಜನ ಕೆಲಸ ಮಾಡಿಕೊಂಡು ಬಂದಿದ್ದಾರಲ್ಲ ಎಂದು ಅವರಿಗೆ ನಿಜಕ್ಕೂ ಕರುಳು ಹಿಂಡಿತ್ತು. ಮಧ್ಯಾಹ್ನವೇ ನಿರ್ದೇಶಕರ ಕೋಣೆಗೆ ಹೋದರು. ನಿರ್ದೇಶಕರು ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿ ಹಾಕಿದರು. ವರದಿಗೆ ಅಡಿಗಲ್ಲು ಹಾಕಕೂಡದು ಎಂದು ಎಲ್ಲಿಯೂ ಬರೆದಿರಲಿಲ್ಲ. ಕೂಡದು ಎಂದು ಬರೆಯದೆ ಇರುವುದೆಲ್ಲ ಕಡ್ಡಾಯ ಎನ್ನುವುದು ಕೇಂದ್ರದ ಹಳೆಯ ಪದ್ಧತಿ. ಸಂಜೆಯೊಳಗೆ ಸುತ್ತೋಲೆ ಬಂತು:

"ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಯಾವುದೇ ವರದಿಯನ್ನು ಅಡಿಗಲ್ಲಿಲ್ಲದೆ ಬರೆಯತಕ್ಕದ್ದಲ್ಲ. ಈಗಾಗಲೇ ಬರೆದಿದ್ದಲ್ಲಿ, ಅಡಿಗಲ್ಲು ಹಾಕುವವರೆಗೆ ಸದರಿ ವರದಿಯನ್ನು ಬರೆದಿಲ್ಲವೆಂದು ಭಾವಿಸತಕ್ಕದ್ದು."

ಒಂದು ತಿಂಗಳೊಳಗೆ ಕೆಳಗಿನ ಹಜಾರದಲ್ಲಿ ಆರು ಕಲ್ಲುಗಳು ಎದ್ದವು. ಪ್ರತಿ ಕಲ್ಲಿಗೂ ಪರದೆ, ಭಾಷಣ, ಫೋಟೋ. ಒಂದು ವಿಚಿತ್ರವೆಂದರೆ, ಇದನ್ನು ವಿಚಿತ್ರ ಎಂದವರು ಯಾರೂ ಇಲ್ಲ ಅನ್ನಿ, ಕಲ್ಲು ಹಾಕಿದ ಮೇಲೆ ಆ ವರದಿಯನ್ನು ಬರೆಯಬೇಕು ಎಂದು ಬರೆಯುವವನಿಗೂ ಅನಿಸುತ್ತಿರಲಿಲ್ಲ, ಓದುವವನಿಗೂ ಅನಿಸುತ್ತಿರಲಿಲ್ಲ. ದಾನಿಗಳಂತೂ ಹಿರಿಹಿರಿ ಹಿಗ್ಗಿದರು. ಹಿಂದೆ ವರದಿ ಬಂದಾಗಲೆಲ್ಲ ಅವರಿಗೆ ತಲೆನೋವು ಬರುತ್ತಿತ್ತು. ಈಗ ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು.

ಉಳಿದದ್ದು ಏಳನೆಯದು, ಸಂಶೋಧಕಿಯದು. ಅದು ಮುಗಿದು ಕೂತಿದೆ ಎನ್ನುವುದೇ ಒಂದು ಕಳಂಕವಾಗಿತ್ತು. ಸಹೋದ್ಯೋಗಿಗಳು ಮೆಟ್ಟಿಲಲ್ಲಿ ಸಿಕ್ಕಾಗ ದನಿ ತಗ್ಗಿಸಿ, ಪೂರ್ತಿ ಬರೆದುಬಿಟ್ಟಿದೀರಂತೆ ಹೌದಾ ಎಂದು ಕೇಳಿ, ಇರಲಿ ಬಿಡಿ, ಯಾರಿಗಾದರೂ ಆಗುವಂಥದ್ದು ಎಂದು ಸಮಾಧಾನ ಹೇಳುತ್ತಿದ್ದರು. ಅವಳು ಲೆಕ್ಕ ಹಾಕಿದಳು. ಒಂದು ಕಲ್ಲು ತಾನೇ, ಹಾಕಿಕೊಳ್ಳಲಿ. ಮಾರನೆಯ ದಿನ ವರದಿ ಹೊರಬರುತ್ತದೆ, ಎಂಜಿನಿಯರ್ ಗುಂಡಿ ತೋಡಿಸುತ್ತಾನೆ. ಕಲ್ಲಿಗೆ ತಾನೇ ಅರ್ಜಿ ಬರೆದು ಕೊಟ್ಟಳು.

ಅರ್ಜಿ ವಾಪಸು ಬಂತು. ಆರು ಕಲ್ಲು ಕೆತ್ತಿದ ಕಲ್ಲುಕುಟಿಗನಿಗೆ ಹೆಬ್ಬೆರಳು ಜಜ್ಜಿ ಹೋಗಿ, ಹೊಸ ಕಲ್ಲು ಕಡೆಯಲು ಆರು ತಿಂಗಳು ಬೇಕಿತ್ತು. ಸಿದ್ಧ ಕಲ್ಲಿದ್ದರೆ ಎಡಗೈಯಲ್ಲೇ ಅಕ್ಷರ ಕೆತ್ತಿಕೊಡುತ್ತೇನೆ ಎಂದನಂತೆ. ಆಗ ಮಾಜಿ ಸಚಿವರಿಗೆ ಥಟ್ಟನೆ ನೆನಪಾಯಿತು. ಅವಳನ್ನು ಕೋಣೆಗೆ ಕರೆಸಿ, ಕುರ್ಚಿ ಕೊಟ್ಟು, ಪ್ರೀತಿಯಿಂದಲೇ ಹೇಳಿದರು.

"ಗುಡ್ಡದ ಬೀದೀಲಿ ನಂದೊಂದು ಕಲ್ಲಿದೆ ಕಣಮ್ಮ. ಮುಟ್ಟಿದರೆ ಕೈ ಜಾರಬೇಕು, ಅಂಥಾ ಕಲ್ಲು. ಒಂಬತ್ತು ವರ್ಷದಿಂದ ಸುಮ್ಮನೆ ಬಿದ್ದಿದೆ. ನಿನ್ನ ವರದೀನೂ ಅದೇ ಬೀದೀದು. ಇದಕ್ಕಿಂತ ಹೊಂದಾಣಿಕೆ ಎಲ್ಲಿ ಸಿಗುತ್ತೆ ಹೇಳು."

ಸುಮ್ಮನೆ ಬಿದ್ದಿಲ್ಲ ಸಾರ್, ಹೆಂಗಸರು ಕೊಡ ಇಡುತ್ತಾರೆ ಎಂದಳು. ಮಾಜಿ ಸಚಿವರಿಗೆ ಇದು ಹೊಸ ವಿಷಯ. ತಮ್ಮ ಯೋಜನೆಯೊಂದು ಇಷ್ಟು ಯಶಸ್ವಿಯಾಗಿದೆ ಎಂದು ಯಾವ ಅಧಿಕಾರಿಯೂ ತಮಗೆ ತಿಳಿಸಲಿಲ್ಲವಲ್ಲ ಎಂದು ಪೇಚಾಡಿಕೊಂಡರು. ಆಮೇಲೆ ನಮೂನೆ ಒಂಬತ್ತನ್ನು ಮುಂದಿಟ್ಟರು. ಕಲ್ಲನ್ನು ಅಲ್ಲಿಂದ ತರಿಸಲು, ಅದನ್ನು ಬಲ್ಲ ಸ್ಥಳೀಯ ತಜ್ಞರೊಬ್ಬರ ದೃಢೀಕರಣ ಬೇಕಿತ್ತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಸದರಿ ಕಲ್ಲು ಅದರ ಮೂಲ ಉದ್ದೇಶಕ್ಕೆ ಬಳಕೆಯಲ್ಲಿದೆಯೇ? ಹೌದು ಅಥವಾ ಇಲ್ಲ.

ಸಂಶೋಧಕಿ ನಾಲ್ಕು ವರ್ಷ ಸತ್ಯ ಬಿಟ್ಟು ಒಂದಕ್ಷರ ಬರೆದವಳಲ್ಲ. ಅಲ್ಲಿಯೇ ಅವಳು ಕೆಟ್ಟದ್ದು. ಮೂಲ ಉದ್ದೇಶ ತೊಟ್ಟಿ. ತೊಟ್ಟಿ ಇಲ್ಲ. ಹಾಗಾಗಿ ಇಲ್ಲ ಎನ್ನುವುದೇ ಸರಿಯಾದ ಉತ್ತರ. ಕೊಡಗಳ ಬಗ್ಗೆ ಬರೆಯಲು ಷರಾ ಅಂಕಣ ಎಲ್ಲಾದರೂ ಇದೆಯೇ ಎಂದು ಹಾಳೆ ತಿರುಗಿಸಿ ನೋಡಿದಳು, ಹಿಂಬದಿ ಖಾಲಿ. ತೊಟ್ಟಿಯೇ ಬಂದಮೇಲೆ ಕಲ್ಲು ಯಾರಿಗೆ ಬೇಕು ಎಂದುಕೊಂಡು ಸಹಿ ಹಾಕಿದಳು.

ದಾನಿಗಳು ಉದಾರವಾಗಿ ಕ್ರೇನ್ ಕಳಿಸಿದರು. ಕಲ್ಲು ಕಿತ್ತು ಬಂತು, ಹಳೆಯ ಅಕ್ಷರವಿದ್ದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಹೊಸ ಮುಖದ ಮೇಲೆ ವರದಿಯ ಹೆಸರು ಕೆತ್ತಿದರು. ಮಾಜಿ ಸಚಿವರು ಕರಣೆ ಆಡಿಸಿದರು. ಅದೇ ಕಲ್ಲಿಗೆ ಎರಡನೆಯ ಸಲ ಅಡಿಗಲ್ಲಾಗುವ ಭಾಗ್ಯ ಬಂದದ್ದು ನಾಡಿನಲ್ಲಿಯೇ ಮೊದಲು ಎಂದು ನಿರ್ದೇಶಕರು ಭಾಷಣದಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಸಂಶೋಧಕಿಯೂ ತಟ್ಟಿದಳು.

ಆ ಭಾನುವಾರ ಅವಳು ಮನೆಗೆ ಹೋದಾಗ ಅಮ್ಮ ಬಾಗಿಲಲ್ಲೇ ಕೇಳಿದಳು.

"ಕಲ್ಲನ್ನ ಯಾರೋ ಹೊತ್ಕೊಂಡು ಹೋದರಲ್ಲೇ. ಯಾರು ಅಂತ ನಿನಗೇನಾದರೂ ಗೊತ್ತಾ?"

"ತೊಟ್ಟಿ ಬರುತ್ತಮ್ಮ" ಎಂದಳು ಮಗಳು. ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳಿಗೆ ನಾಚಿಕೆಯಾಯಿತು, ಊಟ ಸೇರಲಿಲ್ಲ.

ಬಿಡುಗಡೆಗೆ ಮುಂಚೆ ಪರಿಶೀಲನೆ ಎಂಬುದೊಂದು ಇತ್ತು. ಸಮಿತಿಯ ಮೂವರು ವರದಿಯ ಹದಿನಾಲ್ಕನೆಯ ಪುಟಕ್ಕೆ ಬಂದು ನಿಂತರು. ಸರಕಾರ ಈ ಬೀದಿಗೆ ತೊಟ್ಟಿಯ ಮಾತು ಕೊಟ್ಟಿತ್ತು ಎಂಬುದಕ್ಕೆ ಪುರಾವೆ, ಬೀದಿಯ ಮಧ್ಯೆ ಇರುವ ಅಡಿಗಲ್ಲು ಎಂದು ಅಲ್ಲಿ ಬರೆದಿತ್ತು. ಸಮಿತಿ ಸ್ಥಳ ಪರಿಶೀಲನೆಗೆ ಹೋಯಿತು. ಬೀದಿ ಇತ್ತು, ಮಧ್ಯವೂ ಇತ್ತು, ಕಲ್ಲಿರಲಿಲ್ಲ. ಕಲ್ಲಿಲ್ಲವಾದ್ದರಿಂದ ಮಾತು ಕೊಟ್ಟಿಲ್ಲ, ಮಾತು ಕೊಟ್ಟಿಲ್ಲವಾದ್ದರಿಂದ ತಪ್ಪಿಲ್ಲ, ತಪ್ಪಿಲ್ಲವಾದ್ದರಿಂದ ತೊಟ್ಟಿಯ ಅಗತ್ಯವಿಲ್ಲ ಎಂದು ಷರಾ ಬರೆದರು. ಕಲ್ಲು ನಮ್ಮ ಹಜಾರದಲ್ಲೇ ಇದೆ, ನೀವು ಈಗಷ್ಟೇ ಅದರ ಮೇಲೆ ಚೀಲ ಇಟ್ಟು ಬಂದಿರಿ ಎಂದು ಸಂಶೋಧಕಿ ಹೇಳಿದಳು. ಅದು ವರದಿಯ ಅಡಿಗಲ್ಲು, ತೊಟ್ಟಿಯದಲ್ಲ ಎಂದರು. ತೊಟ್ಟಿಯದಲ್ಲವೆನ್ನುವುದಕ್ಕೆ ನಮೂನೆ ಒಂಬತ್ತನ್ನೇ ತೋರಿಸಿದರು. ಕೆಳಗೆ ಅವಳದೇ ಸಹಿ, ದುಂಡಗೆ, ಸ್ಪಷ್ಟವಾಗಿ.

ವರದಿಯನ್ನು ಒಂದೇ ವಾಕ್ಯದ ಆದೇಶದಲ್ಲಿ ಹಿಂಪಡೆಯಲಾಯಿತು. ನಗರಸಭೆಯ ಎಂಜಿನಿಯರ್ ಫೋನಿನಲ್ಲಿ ನಿಟ್ಟುಸಿರು ಬಿಟ್ಟು ಕಡತ ಮುಚ್ಚಿದ. ಮಾಜಿ ಸಚಿವರು ತುಂಬಾ ನೊಂದುಕೊಂಡರು. ಅಧಿಕಾರವಿದ್ದಿದ್ದರೆ ಇವತ್ತೇ ಆ ಬೀದಿಗೆ ಇನ್ನೊಂದು ಕಲ್ಲು ಹಾಕಿ ಬರುತ್ತಿದ್ದೆ, ಈಗ ಬರೀ ಚಿಂತಿಸಬಲ್ಲೆ ಎಂದರು. ಅವಳು ಕೋಣೆ ದಾಟಿ ಹೋಗುವಾಗೆಲ್ಲ ಅವರು ಚಿಂತಿಸುತ್ತಿರುವುದು ಕಾಣುತ್ತಿತ್ತು.

ಪರಿಹಾರವಾಗಿ ಅವಳಿಗೆ ಬಡ್ತಿ ಸಿಕ್ಕಿತು, ಜೊತೆಗೆ ಒಂದು ಹೊಸ ಅಧ್ಯಯನ: ನೀರಿನ ಸಾಲಿನಲ್ಲಿ ಮಹಿಳೆಯರು ಕೊಡ ಇಡುವ ಬಗೆ. ಪ್ರಶ್ನಾವಳಿ ಹಿಡಿದು ಬೆಳಿಗ್ಗೆ ಆರಕ್ಕೆ ಗುಡ್ಡದ ಬೀದಿಗೆ ಹೋದಳು. ಗುಡ್ಡ ಹತ್ತುವ ಸಾಲಿನಲ್ಲಿ ಮೊದಲು ಸಿಕ್ಕಿದ್ದು ಅಮ್ಮ, ತುಂಬಿದ ಕೊಡ ಸೊಂಟದ ಮೇಲೆ. ದಾರಿಯಲ್ಲಿ ಕೊಡವನ್ನು ಎಲ್ಲಿ ಇಡುತ್ತೀರಿ ಎಂಬುದು ಏಳನೆಯ ಪ್ರಶ್ನೆ.

"ಮೊದಲು ಕಲ್ಲಿನ ಮೇಲೆ ಇಡ್ತಿದ್ವಿ ಅಂತ ಬರಿ."

"ಮೊದಲಿಂದು ಕೇಳಿಲ್ಲಮ್ಮ. ಈಗಿಂದು ಹೇಳಬೇಕು."

ಅಮ್ಮ ಮಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಹಾಗಾದರೆ ಇದನ್ನ ಹಿಡ್ಕೋ ಎಂದು ಕೊಡವನ್ನು ಅವಳ ತೋಳಿಗೆ ಕೊಟ್ಟು, ರಸ್ತೆಯಂಚಿಗೆ ಕೂತು ಮಂಡಿ ನೀವಿಕೊಂಡಳು. ಮಗಳು ಒಂದು ಕೈಯಲ್ಲಿ ಕೊಡ ಅವಚಿಕೊಂಡು, ಇನ್ನೊಂದು ಕೈಯಲ್ಲಿ "ಇತರೆ" ಎಂಬಲ್ಲಿ ಗುರುತು ಹಾಕಿ, ಎದುರಿಗೆ "ಸಂಶೋಧಕಿಯ ಮೇಲೆ" ಎಂದು ಬರೆದಳು. ಸುಳ್ಳು ಬರೆದು ಅವಳಿಗೆ ಅಭ್ಯಾಸವಿಲ್ಲ. ಹಿಂದಿದ್ದ ಹೆಂಗಸರೂ ಅಮ್ಮನನ್ನು ನೋಡಿ ಒಬ್ಬೊಬ್ಬರಾಗಿ ಕೊಡ ಕೊಟ್ಟು ಸುಧಾರಿಸಿಕೊಂಡು ಹೋದರು. ನಲವತ್ತೊಂದು ಪ್ರಶ್ನಾವಳಿಯಲ್ಲೂ ಒಂದೇ ಉತ್ತರ ಬಂತು.

ಕೇಂದ್ರದ ಇತಿಹಾಸದಲ್ಲಿ ಇಷ್ಟು ಒಮ್ಮತದ ಫಲಿತಾಂಶ ಬಂದಿರಲಿಲ್ಲ. ತೊಟ್ಟಿ ಬೇಡ, ಕೊಳವೆ ಬೇಡ, ಟ್ಯಾಂಕರಿಗೂ ತೊಂದರೆಯಿಲ್ಲ ಎಂದು ದಾನಿಗಳು ಎದ್ದು ನಿಂತು ಒಪ್ಪಿದರು. ಕೊಡಗಳನ್ನು ಸಂಶೋಧಕಿಯ ಮೇಲೆಯೇ ಇಡಿಸುವ ಯೋಜನೆಯ ಅಡಿಗಲ್ಲು ಹಜಾರದಲ್ಲೇ ಆಯಿತು. ಆದೇಶದಂತೆ ಸಂಶೋಧಕಿ ಈಗ ದಿನವೂ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಗುಡ್ಡದ ಬೀದಿಯ ನಡುವೆ, ಹಿಂದೆ ಕಲ್ಲಿದ್ದ ಗುಂಡಿಯಲ್ಲಿ, ತೋಳು ಚಾಚಿಕೊಂಡು ನಿಲ್ಲುತ್ತಾಳೆ. ಬೀದಿಯವರಿಗೆ ಅನುಕೂಲವಾಗಿದೆ. ಅವಳನ್ನು ಕಂಡರೆ ಎಲ್ಲರಿಗೂ ಗೌರವ.

ಮೊದಲ ದಿನ ಮಾತ್ರ ಅಮ್ಮ ಕೊಡ ಇಳಿಸಲು ಹೋಗಿ ತಡೆದಳು. ಮಗಳ ತೋಳಿಗೂ ತನ್ನ ಸೊಂಟಕ್ಕೂ ಇರುವ ಅಂತರವನ್ನು ಕಣ್ಣಲ್ಲೇ ಅಳೆದಳು.

"ಕಲ್ಲಿಗಿಂತ ಎರಡು ಬೆರಳು ಎತ್ತರ ಆಯ್ತು ಕಣೇ. ಸ್ವಲ್ಪ ಬಗ್ಗು."

ಮಗಳು ಬಗ್ಗಿದಳು.