ಹುಣಸೆ ಬೀಜದ ಬ್ಯಾಂಕು

ದೆಹಲಿಯಲ್ಲಿ ಹುದ್ದೆ ಬೇಡವೆನ್ನುವ ಮನುಷ್ಯನನ್ನು ನಾನು ಕಂಡಿಲ್ಲ. ಇಲ್ಲಿ ಲಿಫ್ಟಿನಲ್ಲಿ ಜೊತೆಯಾದವರು ಕೂಡ ಹೆಸರು ಕೇಳುವ ಮೊದಲು ಯಾವ ಸಚಿವಾಲಯ ಎಂದು ಕೇಳುತ್ತಾರೆ. ಮೂರನೇ ಮಹಡಿ ಬರುವಷ್ಟರಲ್ಲಿ ನಿಮ್ಮ ಪೇ ಲೆವೆಲ್ ತಿಳಿದುಕೊಂಡು, ನಾಲ್ಕನೆಯದರಲ್ಲಿ ನಿಮ್ಮನ್ನು ಮರೆತುಬಿಡುತ್ತಾರೆ. ಇಂಥ ಊರಿನಲ್ಲೂ ಒಂದು ಹುದ್ದೆ ಇದೆ, ಅದರ ಮಾತೆತ್ತಿದರೆ ಗಟ್ಟಿಮುಟ್ಟಾದ ಗಂಡಸರಿಗೂ ಮಂಡಿನೋವು ಶುರುವಾಗುತ್ತದೆ. ಅದು ನಮ್ಮ ಕನ್ನಡ ಗೆಳೆಯರ ಬಳಗದ ಕಾರ್ಯದರ್ಶಿ ಹುದ್ದೆ. ಕಾರ್ಯದರ್ಶಿಯಾದವನು ರಾಜ್ಯೋತ್ಸವಕ್ಕೆ ಸಭಾಂಗಣ ಹಿಡಿಯಬೇಕು, ಚಪ್ಪಾಳೆ ತಟ್ಟುವ ಮುಖ್ಯ ಅತಿಥಿಯನ್ನು ಹುಡುಕಬೇಕು, ಕನ್ನಡವನ್ನು ಹಿಂದಿ ಲಿಪಿಯಲ್ಲಿ ಬರೆದುಕೊಂಡು ಹಾಡುವ ಮಕ್ಕಳಿಗೆ ಹಾಡು ಕಲಿಸಬೇಕು. ಎಲ್ಲ ಮುಗಿದ ಮೇಲೆ ಪುಳಿಯೋಗರೆಗೆ ಉಪ್ಪು ಜಾಸ್ತಿಯಾಗಿತ್ತು ಎಂಬುದನ್ನು ಮುಂದಿನ ರಾಜ್ಯೋತ್ಸವದ ತನಕ ಕೇಳಿಸಿಕೊಳ್ಳಬೇಕು. ಕಳೆದ ಕಾರ್ಯದರ್ಶಿಗೆ ಗುವಾಹಟಿಗೆ ವರ್ಗವಾಯಿತು. ವರ್ಗದ ಆದೇಶ ಕೈಯಲ್ಲಿ ಹಿಡಿದು ಅಷ್ಟು ಸಂತೋಷದಿಂದ ನಗುವ ಸರ್ಕಾರಿ ನೌಕರನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸಮಿತಿಯಲ್ಲಿ ಉಳಿದವರು ನಾಲ್ಕು ಜನ. ನೋಯ್ಡಾದ ಕರ್ನಲ್ ಪೊನ್ನಪ್ಪ, ಕೊಡಗಿನವರು, ಸೈನ್ಯದಿಂದ ನಿವೃತ್ತರಾದರೂ ಧ್ವನಿಯನ್ನು ಮಾತ್ರ ಸೈನ್ಯದಲ್ಲೇ ಉಳಿಸಿಕೊಂಡವರು. ದ್ವಾರಕಾದ ಶಕುಂತಲಾ ಪಾಟೀಲ ಮೇಡಂ, ಹುಬ್ಬಳ್ಳಿಯವರು, ಲೆಕ್ಕಪತ್ರ ವಿಭಾಗದಲ್ಲಿದ್ದು ದೊಡ್ಡ ದೊಡ್ಡ ಅಧಿಕಾರಿಗಳ ಪ್ರಯಾಣ ಭತ್ಯೆಯನ್ನು ತಡೆಹಿಡಿದ ಕೀರ್ತಿವಂತೆ. ಗುರುಗ್ರಾಮದ ಪ್ರಹ್ಲಾದ, ಯಾವುದೋ ಕಂಪನಿಯಲ್ಲಿ ಮ್ಯಾನೇಜರು, ಮನೆಯಲ್ಲಿ ಆರು ತಿಂಗಳ ಮಗುವಿಗೆ ಸಹಾಯಕ. ನಾಲ್ಕನೆಯವನು ನಾನು, ಕೃಷ್ಣಮೂರ್ತಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ನಿವಾಸಿ, ಸೆಕ್ಷನ್ ಆಫೀಸರ್. ಕರ್ನಲ್‌ಗೆ ಮಂಡಿ, ಮೇಡಂಗೆ ತಂಗಿಯ ಮಗಳ ಮದುವೆ, ಪ್ರಹ್ಲಾದನಿಗೆ ಮಗು. ನನ್ನ ಬಳಿ ಹೇಳಿಕೊಳ್ಳಲು ಏನೂ ಇರಲಿಲ್ಲ. ನಿರೋಗಿಯಾಗಿರುವುದು ಎಷ್ಟು ಅಪಾಯಕಾರಿ ಎಂದು ಆಗ ತಿಳಿಯಿತು.

ಆಟ ಆಡಿ ತೀರ್ಮಾನಿಸಿ ಎಂದು ಸಲಹೆ ಕೊಟ್ಟವಳು ನನ್ನ ಮಗಳು ಮೇಘನಾ. ದೀಪಾವಳಿಯ ವಾರ ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಇಸ್ಪೀಟು ನಡೆಯುತ್ತದೆ, ಆಡದವರನ್ನು ಲಕ್ಷ್ಮಿ ತಿರುಗಿಯೂ ನೋಡುವುದಿಲ್ಲ ಎಂಬ ನಂಬಿಕೆ. ಮೇಘನಾ ಗುರುಗ್ರಾಮದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತಾಳೆ. ಏನನ್ನು ಟೆಸ್ಟ್ ಮಾಡುತ್ತಾಳೆ ಎಂದು ನಾನು ಆ ದಿನದವರೆಗೂ ಕೇಳಿರಲಿಲ್ಲ. ಕೇಳಿದಾಗ, ಯಾವುದೋ ದೂರದ ದೇಶದವರು ಆಡುವ ಲೈವ್ ಬ್ಲ್ಯಾಕ್‌ಜಾಕ್ ಎಂದಳು.

"ಜೂಜಾ?" ಎಂದೆ.

"ನಾನು ಆಡಲ್ಲ ಅಪ್ಪಾ. ಬಟನ್ ಸರಿಯಾಗಿ ಒತ್ತುತ್ತಾ ಅಂತ ನೋಡ್ತೀನಿ, ಬಸ್."

ಹಾಗೆ ಅಂದವಳೇ ದೋಸೆ ತಿನ್ನುತ್ತಾ ಆಟವನ್ನು ವಿವರಿಸಿದಳು. ಸ್ಟುಡಿಯೋದಲ್ಲಿ ಒಬ್ಬರು ಕ್ಯಾಮೆರಾದ ಎದುರು ನಿಂತು ನಿಜವಾದ ಎಲೆಗಳನ್ನು ಹಂಚುತ್ತಾರೆ. ಆಡುವವರು ಅವರವರ ಮನೆಯಲ್ಲೇ ಫೋನ್ ಹಿಡಿದು ಕೂತಿರುತ್ತಾರೆ. ಯಾರೂ ಒಬ್ಬರ ಮೇಲೊಬ್ಬರು ಆಡುವುದಿಲ್ಲ, ಎಲ್ಲರೂ ಬ್ಯಾಂಕಿನ ಮೇಲೆ ಆಡುತ್ತಾರೆ. ನಿಮಗೆ ಎರಡು ಎಲೆ, ಬ್ಯಾಂಕಿಗೆ ಎರಡು ಎಲೆ, ಬ್ಯಾಂಕಿನದು ಒಂದು ಅಂಗಾತ, ಇನ್ನೊಂದು ಕವುಚಿ. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ಎಕ್ಕ ಒಂದೂ ಆಗುತ್ತದೆ, ಹನ್ನೊಂದೂ ಆಗುತ್ತದೆ, ನಮ್ಮ ಕಚೇರಿಯ ಜಂಟಿ ಕಾರ್ಯದರ್ಶಿಯ ಅಭಿಪ್ರಾಯದ ಹಾಗೆ. ಇಪ್ಪತ್ತೊಂದಕ್ಕೆ ಹತ್ತಿರ ಹೋಗಬೇಕು, ದಾಟಬಾರದು. ಇನ್ನೊಂದು ಎಲೆ ಬೇಕೋ ಸಾಕೋ ಎಂಬುದು ನಿಮ್ಮಿಷ್ಟ. ಬ್ಯಾಂಕಿಗೆ ಮಾತ್ರ ಇಷ್ಟ ಎಂಬುದಿಲ್ಲ. ಹದಿನೇಳು ಮುಟ್ಟುವವರೆಗೆ ಎಳೆಯಲೇಬೇಕು, ಮುಟ್ಟಿದ ಮೇಲೆ ನಿಲ್ಲಲೇಬೇಕು.

"ಇಷ್ಟೇನಾ?" ಎಂದೆ, ಸ್ವಲ್ಪ ನಿರಾಶೆಯಿಂದ.

"ಮಜಾ ಇರೋದು ಇನ್ನು ಮುಂದೆ," ಎಂದಳು. ಎಲೆ ಹಂಚುವ ಮೊದಲೇ ಪಕ್ಕದಲ್ಲಿ ಬೇರೆ ಒಂದು ಪಣ ಇಡಬಹುದು. ನನಗೆ ಬರುವ ಮೊದಲ ಎರಡು ಎಲೆ ಜೋಡಿಯಾಗಿರುತ್ತವೆ ಎಂದು ಇಡಬಹುದು, ಅಥವಾ ನನ್ನ ಎರಡು ಎಲೆ ಮತ್ತು ಬ್ಯಾಂಕಿನ ಅಂಗಾತ ಎಲೆ ಸೇರಿ ಸಾಲಾಗಿ ಬರುತ್ತವೆ ಎಂದು ಇಡಬಹುದು. ಮುಖ್ಯ ಆಟದಲ್ಲಿ ಸೋತರೂ ಈ ಪಕ್ಕದ ಪಣ ಗೆದ್ದರೆ ಇಟ್ಟದ್ದರ ಹತ್ತಾರು ಪಟ್ಟು ಸಿಗುತ್ತದೆ. ಅದು ಸಿಗುವುದು ಅಪರೂಪ ಎಂಬುದೇ ಅದರ ಗುಟ್ಟು. ಇನ್ನೊಂದು ಆಕರ್ಷಣೆ ಗುಣಕ. ಪ್ರತಿ ಸುತ್ತಿಗೂ ನೀವು ಒಂದು ಶುಲ್ಕ ಕೊಡಬೇಕು. ಆ ಸುತ್ತು ಗೆದ್ದರೆ ನಿಮಗೊಂದು ಗುಣಕ ಬರುತ್ತದೆ, ಎರಡು, ಐದು, ಎಂಟು, ಅದೃಷ್ಟವಿದ್ದರೆ ಇಪ್ಪತ್ತು. ಮುಂದಿನ ಸುತ್ತನ್ನೂ ಗೆದ್ದರೆ ಆ ಗೆಲುವು ಅಷ್ಟು ಪಟ್ಟಾಗುತ್ತದೆ. ಸೋತರೆ ಗುಣಕ ಆವಿಯಾಗುತ್ತದೆ.

"ಕೊನೆಗೆ ಯಾರು ಗೆಲ್ತಾರೆ?"

"ಲಾಂಗ್ ರನ್‌ನಲ್ಲಿ ಬ್ಯಾಂಕೇ ಅಪ್ಪಾ. ಹಮೇಶಾ."

ನಾನು ಆ ಕ್ಷಣದಲ್ಲೇ ಬ್ಯಾಂಕಾಗಲು ನಿರ್ಧರಿಸಿದೆ. ಕರ್ನಲ್‌ಗೆ ಫೋನ್ ಮಾಡಿ, "ಹೊರಗೆ ಈ ಪಾಟಿ ಹೊಗೆ ಇದೆ, ನೀವು ಯಾರೂ ಬರುವುದು ಬೇಡ, ವಿಡಿಯೋ ಕಾಲ್‌ನಲ್ಲಿ ಆಡೋಣ. ಎಲೆ ಹಂಚುವ ಶ್ರಮ ನನಗಿರಲಿ," ಎಂದೆ. ಅವರು ಬಹಳ ಮೆಚ್ಚಿಕೊಂಡರು. "ಸರಿ ಮೂರ್ತಿ. ಕೊನೆಯಲ್ಲಿ ಯಾರ ಹತ್ತಿರ ಎಲ್ಲರಿಗಿಂತ ಕಡಿಮೆ ಉಳಿದಿರುತ್ತೋ ಅವರೇ ಕಾರ್ಯದರ್ಶಿ. ಅಪೀಲ್ ಇಲ್ಲ," ಎಂದರು.

ಪಣಕ್ಕೆ ಹಣ ಬೇಡ, ಸರ್ಕಾರಿ ನೌಕರನ ನಡತೆ ನಿಯಮಗಳಿವೆ ಎಂದೆ. ನನ್ನ ಹೆಂಡತಿ ವಸುಧಾ ಚೌಕಾಬಾರಕ್ಕೆಂದು ಊರಿನಿಂದ ತಂದಿಟ್ಟಿದ್ದ ಹುಣಸೆ ಬೀಜದ ಡಬ್ಬಿಯನ್ನು ತೆಗೆದುಕೊಟ್ಟಳು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಹಸಿರು ಬೆಡ್‌ಶೀಟು ಹಾಸಿ, ಮೂರು ಬಟ್ಟಲುಗಳಲ್ಲಿ ಮೂವರಿಗೂ ಸಮನಾಗಿ ಬೀಜ ಹಾಕಿದೆವು. ಉಳಿದ ಡಬ್ಬಿ ಬ್ಯಾಂಕಿನದು, ಅಂದರೆ ನನ್ನದು. ಬೀಜ ಕೊಡುವ, ತೆಗೆಯುವ ಕೆಲಸ ವಸುಧಾಳದು. ಗುಣಕದ ಚೀಟಿಗಳನ್ನು ತಂಬಿಗೆಯಲ್ಲಿ ಕುಲುಕುವುದು, ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನನ್ನು ನೋಡಿಕೊಳ್ಳುವುದು ಮೇಘನಾಳದು. ನಾನು ಸ್ನಾನ ಮಾಡಿ, ಮದುವೆಗೆಂದು ಇಟ್ಟಿದ್ದ ಕೋಟು ಹಾಕಿಕೊಂಡೆ. ಸೊಂಟದ ಕೆಳಗೆ ಪಂಚೆ. ಕ್ಯಾಮೆರಾಗೆ ಕಾಣುವುದು ಮೇಲಿನ ಅರ್ಧ ತಾನೇ.

ಶುರುವಿನಲ್ಲೇ ಶುಲ್ಕದ ಪ್ರಶ್ನೆ ಎದ್ದಿತು. ಮೇಘನಾಳ ಕಂಪನಿಯ ಆಟದಲ್ಲಿ ಪಣ ಎಷ್ಟೋ ಶುಲ್ಕವೂ ಅಷ್ಟೇ. ಹತ್ತು ಇಟ್ಟರೆ ಇನ್ನೊಂದು ಹತ್ತು ಶುಲ್ಕಕ್ಕೇ ಹೋಗುತ್ತದೆ.

"ಇದು ಸುಲಿಗಿ ಆತ್ರೀ ಮೂರ್ತಿಯವರ," ಎಂದರು ಶಕುಂತಲಾ ಮೇಡಂ. "ಏನೂ ಕೊಡದ ಶುಲ್ಕ ಯಾಕ ಕೊಡಬೇಕು?"

ಗೆಲ್ಲುವುದು ಖಚಿತವಾಗಿರುವ ಮನುಷ್ಯನಿಗೆ ಔದಾರ್ಯ ತಾನಾಗಿ ಬರುತ್ತದೆ. ಪಣ ಎಷ್ಟೇ ಇರಲಿ ಶುಲ್ಕ ಒಂದೇ ಬೀಜ ಎಂದು ಘೋಷಿಸಿದೆ. ಮೇಘನಾ ನನ್ನ ಕೋಟಿನ ತೋಳು ಜಗ್ಗಿ, "ಅಪ್ಪಾ, ಆ ಫೀಸಿಂದಾನೇ ಮಲ್ಟಿಪ್ಲೈಯರ್ ಕೊಡೋದು. ಅದಿಲ್ಲದೆ ಬ್ಯಾಂಕ್ ನಡೆಯಲ್ಲ," ಎಂದು ಪಿಸುಗುಟ್ಟಿದಳು. ಬ್ಯಾಂಕಿನ ವಿಷಯ ಬ್ಯಾಂಕು ನೋಡಿಕೊಳ್ಳುತ್ತದೆ ಎಂದೆ.

ಮೊದಲ ಕೆಲವು ಸುತ್ತುಗಳಲ್ಲಿ ನಾನು ಗೆದ್ದ ಪರಿ ಹೇಳಿದರೆ ನನಗೇ ನಾಚಿಕೆ. ಎಕ್ಕದ ಹಿಂದೆ ರಾಜ, ರಾಜನ ಹಿಂದೆ ರಾಣಿ. ಎಲೆ ತಿರುಗಿಸಿದಾಗೆಲ್ಲ ಇಪ್ಪತ್ತು, ಇಪ್ಪತ್ತೊಂದು. ಪ್ರಹ್ಲಾದ ಪ್ರತಿ ಸಲ ಪಕ್ಕದ ಪಣ ಇಟ್ಟು ಪ್ರತಿ ಸಲ ಕಳೆದುಕೊಳ್ಳುತ್ತಿದ್ದ. ಹೆಗಲ ಮೇಲಿನ ಮಗು ಅಳುತ್ತಿತ್ತೋ ಅವನು ಅಳುತ್ತಿದ್ದನೋ ಫೋನಿನಲ್ಲಿ ಗೊತ್ತಾಗುತ್ತಿರಲಿಲ್ಲ. ನನ್ನ ಡಬ್ಬಿ ತುಂಬಿ, ಬೀಜ ಬೆಡ್‌ಶೀಟಿನ ಮೇಲೆ ಗುಡ್ಡೆಯಾಯಿತು. ನಾನು ಎಲೆ ಹಂಚುವ ಭಂಗಿಯೇ ಬದಲಾಯಿತು. ಮಣಿಕಟ್ಟು ಕುಣಿಸತೊಡಗಿದೆ. ಒಂದು ಎಲೆ ಹಾರಿ ಸಾಂಬಾರಿನ ಪಾತ್ರೆಗೆ ಬಿದ್ದಾಗ ವಸುಧಾ, "ಎಲೆ ಹಂಚ್ರಿ, ಎಸೀಬೇಡಿ," ಎಂದಳು.

ಕರ್ನಲ್ ಅವರದು ಇನ್ನೊಂದು ತೊಂದರೆ. ಅವರ ನೋಯ್ಡಾ ಮನೆಯ ನೆಟ್‌ವರ್ಕ್ ನಿಧಾನ, ಅವರು "ಸಾಕು" ಎಂದದ್ದು ನನಗೆ ಕೇಳಿಸುವಷ್ಟರಲ್ಲಿ ನಾನು ಇನ್ನೊಂದು ಎಲೆ ಹಾಕಿ ಅವರನ್ನು ಇಪ್ಪತ್ತೊಂದು ದಾಟಿಸಿರುತ್ತಿದ್ದೆ. ಎರಡು ಸಲ ಹೀಗಾದ ಮೇಲೆ ಅವರು ಗಡಿಯಲ್ಲಿ ಮಾತಾಡುವ ಧ್ವನಿಯಲ್ಲಿ ಮಾತಾಡಿದರು. ಹಾಗಾಗಿ ಕೈಸನ್ನೆಯ ನಿಯಮ ಬಂತು. ಬೆರಳು ತಟ್ಟಿದರೆ ಇನ್ನೊಂದು ಎಲೆ, ಅಂಗೈ ಎತ್ತಿದರೆ ಸಾಕು.

ಗಾಳಿ ತಿರುಗಿದ್ದು ಶಕುಂತಲಾ ಮೇಡಂ ಕಡೆಯಿಂದ. ಅಲ್ಲಿಯವರೆಗೆ ಪಕ್ಕದ ಪಣವನ್ನು ಮುಟ್ಟದಿದ್ದವರು, "ಈ ಸಲ ಜೋಡಿ ಮ್ಯಾಲೆ ಐದು ಇಡ್ರಿ ವಸುಧಾ," ಎಂದರು. ಬಂದದ್ದು ಎರಡು ರಾಣಿ. ಹನ್ನೊಂದು ಪಟ್ಟು ಕೊಡುತ್ತೇನೆಂದು ಸಾರಿದ್ದವನು ನಾನೇ. ವಸುಧಾ ನನ್ನ ಗುಡ್ಡೆಯಿಂದ ಎರಡೂ ಕೈಯಲ್ಲಿ ಬಾಚಿದಳು. ಅದೇ ಸುತ್ತಿನಲ್ಲಿ ನಾನು ಇಪ್ಪತ್ತೊಂದು ದಾಟಿದ್ದರಿಂದ ಮೂವರೂ ಗೆದ್ದರು. ಮೇಘನಾ ತಂಬಿಗೆ ಕುಲುಕಿ ಒಬ್ಬೊಬ್ಬರಿಗೆ ಒಂದೊಂದು ಚೀಟಿ ತೆಗೆದಳು. ಕರ್ನಲ್‌ಗೆ ಐದು, ಮೇಡಂಗೆ ಎಂಟು, ಪ್ರಹ್ಲಾದನಿಗೆ ಇಪ್ಪತ್ತು.

ಅದು ಕೊನೆಯ ಸುತ್ತಿಗೆ ಮುಂಚಿನದು. ಕೊನೆಯ ಸುತ್ತಿಗೆ ಪ್ರಹ್ಲಾದನ ಬಟ್ಟಲಿನಲ್ಲಿ ಶುಲ್ಕ ಕಳೆದು ಹತ್ತೇ ಬೀಜ ಉಳಿದಿದ್ದವು. ಕಾರ್ಯದರ್ಶಿಯಾಗುವ ಎಲ್ಲ ಲಕ್ಷಣ ಅವನಲ್ಲಿತ್ತು. "ಎಲ್ಲಾ ಇಡ್ರಿ ಸಾರ್," ಎಂದ. ಕರ್ನಲ್ ಇಪ್ಪತ್ತು ಇಟ್ಟರು, ಮೇಡಂ ಹದಿನೈದು. ನಾನು ಗೆದ್ದರೆ ಮೂರು ಚೀಟಿಗಳೂ ಆವಿ. ಹಂಚಿದೆ. ಮೇಡಂ ಹದಿನೆಂಟಕ್ಕೆ ಅಂಗೈ ಎತ್ತಿದರು. ಪ್ರಹ್ಲಾದ ಹನ್ನೆರಡಕ್ಕೇ ಸಾಕೆಂದ, ಹೆದರಿಕೊಂಡಿದ್ದ. ಕರ್ನಲ್ ಬಳಿ ಹದಿಮೂರು. ಅವರು ಯೋಚಿಸುತ್ತಿರುವಾಗ ಪರದೆಯ ಅಂಚಿನಿಂದ ಅವರ ಹೆಂಡತಿಯ ಕೈ ಬಂದು ಬೋಂಡದ ತಟ್ಟೆ ಚಾಚಿತು. ಬೇಡವೆಂದು ಕರ್ನಲ್ ಅಂಗೈ ಎತ್ತಿದರು. ಕಂಡದ್ದೇ ತಡ, "ಕರ್ನಲ್ ಸಾಹೇಬರು ಸಾಕೆಂದರು," ಎಂದು ಮುಂದುವರಿದುಬಿಟ್ಟೆ. ಹದಿಮೂರಕ್ಕೆ ಕೂತ ಮನುಷ್ಯನನ್ನು ಸೋಲಿಸುವುದು ಏನು ಮಹಾ.

"ಮೂರ್ತಿ, ಅದು ಬೋಂಡಕ್ಕೆ," ಎಂದರು ಅವರು. ಸನ್ನೆ ಸನ್ನೆಯೇ ಎಂದೆ.

ನನ್ನ ಅಂಗಾತ ಎಲೆ ಕಳಾವರ್ ಆರು. ಕವುಚಿದ್ದನ್ನು ತಿರುಗಿಸಿದೆ, ಗುಲಾಮ. ಹದಿನಾರು. ಹನ್ನೆರಡಕ್ಕೂ ಹದಿಮೂರಕ್ಕೂ ಮೇಲೆ. ಅಷ್ಟಕ್ಕೇ ನಿಂತರೆ ಪ್ರಹ್ಲಾದ ಹೋದ, ಕರ್ನಲ್ ಹೋದರು, ಮೇಡಂ ಒಬ್ಬರಿಗೆ ಕೊಟ್ಟರೆ ಮುಗಿಯಿತು. ನಾನು ಕೈ ಕಟ್ಟಿಕೊಂಡು, "ಹದಿನಾರಕ್ಕೆ ಬ್ಯಾಂಕು ನಿಲ್ಲುತ್ತದೆ," ಎಂದೆ, ಆದಷ್ಟು ಸಹಜವಾಗಿ.

"ನಿಲ್ಲಾಕ ಬರಂಗಿಲ್ರೀ," ಎಂದರು ಶಕುಂತಲಾ ಮೇಡಂ, ಭತ್ಯೆ ತಡೆಹಿಡಿಯುವ ಶಾಂತ ಸ್ವರದಲ್ಲಿ. "ಹದಿನೇಳು ಆಗೂತನಕ ಎಳೀಬೇಕು ಅಂತ ನೀವ ಹೇಳೀರಿ."

ಮಗಳ ಕಡೆ ನೋಡಿದೆ. "ರೂಲ್ ಹೈ ಅಪ್ಪಾ," ಎಂದಳು. ಹೆಂಡತಿಯ ಕಡೆ ನೋಡಿದೆ. ಅವಳು ಆಗಲೇ ಬೀಜ ಬಾಚಲು ಬಳೆ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದಳು.

ಎಳೆದೆ. ಆಟೀನ್ ಒಂಬತ್ತು. ಇಪ್ಪತ್ತೈದು.

ಮುಂದಿನ ಗದ್ದಲದಲ್ಲಿ ಯಾರು ಏನಂದರು ಹೇಳಲಾರೆ. ಮೂರು ಮನೆಗಳಿಂದ ಒಟ್ಟಿಗೆ ಕೂಗು ಬಂದು ಫೋನು ಸ್ಟ್ಯಾಂಡಿನಿಂದ ಬಿತ್ತು. ಅದನ್ನು ಎತ್ತಲು ಮೇಘನಾ ಬಗ್ಗಿದಾಗ ನನ್ನ ಪಂಚೆ ಸಮಸ್ತ ದೆಹಲಿ ವಲಯಕ್ಕೆ ದರ್ಶನ ಕೊಟ್ಟಿತು. ಪ್ರಹ್ಲಾದನಿಗೆ ಇನ್ನೂರು, ಮೇಡಂಗೆ ನೂರಿಪ್ಪತ್ತು, ಕರ್ನಲ್‌ಗೆ ನೂರು. ಡಬ್ಬಿಯಲ್ಲಿ ಅಷ್ಟು ಬೀಜವೇ ಇರಲಿಲ್ಲ. ಲೆಕ್ಕ ಚುಕ್ತಾ ಆಗಲೇಬೇಕೆಂದು ಮೇಡಂ ಪಟ್ಟು ಹಿಡಿದದ್ದರಿಂದ ವಸುಧಾ ಸೋಮವಾರಕ್ಕೆಂದು ತಂದಿದ್ದ ರಾಜ್ಮಾ ಕಾಳಿನಿಂದ ಉಳಿದದ್ದನ್ನು ತೀರಿಸಿದಳು. ಎರಡೇ ಗಂಟೆಯ ಹಿಂದೆ ಸೆರಗು ಸರಿಮಾಡಿಕೊಂಡು ನನ್ನ ಬ್ಯಾಂಕಿನ ಸಿಬ್ಬಂದಿಯಾಗಿ ಕೂತಿದ್ದವಳು ಈಗ ಒಂದೊಂದು ಕಾಳನ್ನೂ ಎಷ್ಟು ಉತ್ಸಾಹದಿಂದ ಎಣಿಸಿ ಹಾಕುತ್ತಿದ್ದಳೆಂದರೆ, ಅವಳು ಮೊದಲಿನಿಂದಲೂ ಎದುರು ಪಕ್ಷವೇ ಎಂದು ನನಗೆ ಅನುಮಾನ ಬಂತು.

"ಹಾಗಾದರೆ ಕಾರ್ಯದರ್ಶಿ ಯಾರು?" ಎಂದ ಪ್ರಹ್ಲಾದ. ನಾನು ಬಟ್ಟಲುಗಳನ್ನು ನೋಡಿ, ಮೂವರಲ್ಲಿ ಕರ್ನಲ್ ಅವರದೇ ಕಡಿಮೆ ಎಂದು ವಿನಯದಿಂದ ತಿಳಿಸಿದೆ.

"ಮೂವರಲ್ಲಿ ಅಂತ ನಾನು ಹೇಳಿದೆನಾ ಮೂರ್ತಿ?" ಎಂದರು ಕರ್ನಲ್. ಈ ಸಲ ಅವರ ನೆಟ್‌ವರ್ಕ್ ಬಹಳ ಚುರುಕಾಗಿತ್ತು. "ಎಲ್ಲರಿಗಿಂತ ಕಡಿಮೆ ಅಂದೆ. ನಿಮ್ಮ ಡಬ್ಬಿ ತೋರಿಸಿ."

ಮೇಘನಾ ಫೋನನ್ನು ಡಬ್ಬಿಯ ಬಾಯಿಗೆ ಹಿಡಿದಳು. ತಳದಲ್ಲಿ ಊರಿನ ಮಣ್ಣು ಸ್ವಲ್ಪ ಇತ್ತು.

ಮರುದಿನ ತಿಂಡಿಯ ಹೊತ್ತಿಗೆ ಮಗಳನ್ನು ಕೇಳಿದೆ: ಅಲ್ಲಿ ಸ್ಟುಡಿಯೋದಲ್ಲಿ ಹೀಗೆ ದಿವಾಳಿಯಾದರೆ ಎಲೆ ಹಂಚುವವರ ಗತಿಯೇನು? "ಅವರಿಗೇನು ಅಪ್ಪಾ, ಸಂಬಳ ಬರುತ್ತೆ. ಬ್ಯಾಂಕ್ ಬೇರೆ, ಡೀಲರ್ ಬೇರೆ. ಅವರು ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಎಲೆ ತಿರುಗಿಸ್ತಾರೆ, ಶಿಫ್ಟ್ ಮುಗಿದರೆ ಮನೆಗೆ ಹೋಗ್ತಾರೆ," ಎಂದಳು. ಮೂವತ್ತು ವರ್ಷದಿಂದ ಕಚೇರಿಯಲ್ಲಿ ನಾನು ಮಾಡುತ್ತಿರುವುದೂ ಅದನ್ನೇ, ಮತ್ತು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ. ಜೀವಮಾನದಲ್ಲಿ ಒಂದೇ ಒಂದು ಮಧ್ಯಾಹ್ನ ಮಾಲೀಕನಾದೆ, ಮನೆಯ ರಾಜ್ಮಾ ಕೂಡ ಉಳಿಯಲಿಲ್ಲ.

ವಸುಧಾ ಕಾಫಿ ತಂದಿಟ್ಟು, "ಬೇಜಾರು ಯಾಕೆ? ಈ ದೆಹಲಿಯಲ್ಲಿ ಎಷ್ಟು ಸೆಕ್ಷನ್ ಆಫೀಸರು ಸೆಕ್ರೆಟರಿ ಆಗಿ ರಿಟೈರ್ ಆಗ್ತಾರೆ ಹೇಳಿ," ಎಂದಳು. ತಮಾಷೆಗೇ ಅಂದದ್ದು. ಆದರೆ ಇಡೀ ಸಚಿವಾಲಯದ ಮುಖ್ಯಸ್ಥನನ್ನು ಕರೆಯುವ ಆ ಪದ ಕಿವಿಗೆ ಬಿದ್ದಾಗ ಬೆನ್ನು ತಾನಾಗಿ ನೆಟ್ಟಗಾದದ್ದು ನಿಜ. ಅಷ್ಟರಲ್ಲಿ ಫೋನ್ ಬಂತು, ಗೊತ್ತಿಲ್ಲದ ನಂಬರು. ಪುಳಿಯೋಗರೆಯವರಿರಬೇಕು, ಇಲ್ಲ ಸಭಾಂಗಣದವರು. ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಸೆಕ್ರೆಟರಿ ಸ್ಪೀಕಿಂಗ್," ಎಂದೆ.

"ಕೌನ್ ಸೆಕ್ರೆಟರಿ?" ಎಂದಿತು ಆ ಕಡೆಯ ದನಿ. "ಭಯ್ಯಾ, ಪಾರ್ಸೆಲ್ ಹೈ. ಲಿಫ್ಟ್ ಬಂದ್ ಹೈ. ನೀಚೇ ಆ ಜಾಓ."

ಇಳಿದುಹೋದೆ.