ಬೊಮ್ಮಯ್ಯನ ಕುಲುಮೆಯಲ್ಲಿ ಗಾಲ್ಫ್ ಕೋಲು

ಗಾಲ್ಫ್ ಎಂಬ ಆಟವನ್ನು ಅಮರೇಶ್ ಟೀವಿಯಲ್ಲಿ ಕೂಡ ನೆಟ್ಟಗೆ ನೋಡಿದವನಲ್ಲ. ಅಂಥವನ ಸಂಸಾರದ ಗತಿ ಒಂದು ಗಾಲ್ಫ್ ಕೋಲಿನ ಕೈಗೆ ಸಿಕ್ಕಿತೆಂದರೆ ಹಣೆಬರಹ ಎನ್ನದೆ ಇನ್ನೇನನ್ನಬೇಕು?

ಹರಪನಹಳ್ಳಿಯ ಗಾಳಿಯಂತ್ರದ ಕಂಪನಿಯಲ್ಲಿ ಅವನು ಗುಮಾಸ್ತ. ಹೆಂಡತಿ ವಾಣಿಶ್ರೀ ಕೂಡ್ಲಿಗಿಯಲ್ಲಿ ನರ್ಸು. ಮದುವೆಯಾದಾಗಿನಿಂದ ಅವನಿಲ್ಲಿ, ಅವಳಲ್ಲಿ. ಕೂಡ್ಲಿಗಿ ಆಫೀಸಿಗೆ ವರ್ಗ ಮಾಡಿ ಎಂದು ಮ್ಯಾನೇಜರ್ ಪ್ರವೀಣಕುಮಾರರ ಬೆನ್ನು ಬಿದ್ದು ಅವನ ಚಪ್ಪಲಿ ಸವೆದಿತ್ತು. ಅವತ್ತು ಮಧ್ಯಾಹ್ನ ಮೈಸೂರು ಕಡೆಯ ಆ ಸಾಹೇಬರು ಕೋಲೊಂದನ್ನು ಅವನ ಕೈಗಿಟ್ಟರು.

“ಅಮರೇಶ್, ಸಂಜೆ ಹೆಡ್ಡಾಫೀಸಿನಿಂದ ದೊಡ್ಡ ಸಾಹೇಬರು ಬರ್ತಾರೆ. ಗೆಸ್ಟ್ ಹೌಸ್ ಹಿಂದೆ ನಾವಿಬ್ಬರೂ ಆಡ್ತೀವಿ. ಚೆಂಡನ್ನ ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸೋ ಕೋಲು ಇದು. ಇದರ ತಲೆ ಹಗುರ, ಹಿಡಿತ ಸಿಗಲ್ಲ. ಒಂದಿಷ್ಟು ತೂಕ ಕೂಡಿಸಿಕೊಂಡು ಬನ್ನಿ. ಇದು ಸರಿಹೋದರೆ ನಿಮ್ಮ ವರ್ಗದ ಮಾತು ಇವತ್ತೇ ಮುಗಿಸ್ತೀನಿ.”

ಸರಿಹೋಗದಿದ್ದರೆ? ಅದನ್ನು ಸಾಹೇಬರು ಹೇಳಲಿಲ್ಲ. ಅಮರೇಶ್ ಕೋಲು ಹಿಡಿದು ಜೀಪಿನ ಕಡೆ ಓಡಿದ.

ಜೀಪಿನ ಡ್ರೈವರ್ ಓಬಳೇಶಪ್ಪನಿಗೆ ಗೊತ್ತಿಲ್ಲದ ವಿದ್ಯೆಯೇ ಇರಲಿಲ್ಲ.

“ಅದಕ್ಯಾಕ ಅಷ್ಟು ಚಿಂತಿ ಮಾಡ್ತೀರಿ? ಟೈರ್ ಅಂಗಡ್ಯಾಗ ಗಾಲಿಗೆ ಸೀಸದ ತುಂಡು ಅಂಟಸ್ತಾರಲ್ಲ, ಒಂದು ಹಿಡಿ ತರ್ತೀನಿ. ಬೊಮ್ಮಯ್ಯನ ಕುಲುಮಿಗೆ ನಡೀರಿ. ಅವ ಮಾಡಿದ ಕೊಡ್ಲಿ ಹಲವಾಗಲು ಊರಿನ ತನಕ ಮಾರಾಕ ಹೋಗ್ತಾವ.”

ಕುಲುಮೆಯಲ್ಲಿ ಬೊಮ್ಮಯ್ಯ ಕೋಲನ್ನು ಬೆರಳ ಮೇಲಿಟ್ಟು ತೂಗಿ ನೋಡಿದ. ಕುಡುಗೋಲಿಗೆ ಹಲ್ಲು ಹಾಕಿಸಲು ಬಂದು ಕುಳಿತಿದ್ದ ಸುಂಕಮ್ಮ ಅದನ್ನು ಇಸಿದುಕೊಂಡು ಗಾಳಿಯಲ್ಲಿ ಬೀಸಿದಳು.

“ಹಾವು ಹೊಡಿಯಾಕ ಚಲೋ ಐತಿ ಬಿಡಪ್ಪ. ಆದ್ರ ತಲಿಗೆ ಭಾರ ಸಾಲದು.”

“ಹಾವಿಗಲ್ಲಬೇ ಯವ್ವ, ಚೆಂಡು ತಳ್ಳಾಕ,” ಎಂದ ಅಮರೇಶ್. “ಮೇಸ್ತ್ರಿ, ಸ್ವಲ್ಪೇ ಸ್ವಲ್ಪ ಹಾಕ್ರಿ.”

ಅಷ್ಟರಲ್ಲಿ ಸಾಹೇಬರ ಫೋನು. ಸುತ್ತಿಗೆಯ ಸದ್ದಿನಲ್ಲಿ ಕೇಳಿಸದೆ ಅವನು ರಸ್ತೆಯಾಚೆ ಹೋದ. ದೊಡ್ಡ ಸಾಹೇಬರು ಕೊಟ್ಟೂರು ದಾಟಿದ್ದಾರಂತೆ, ಇನ್ನೇನು ಬಂದೇಬಿಡುತ್ತಾರಂತೆ. ತಿರುಗಿ ಬಂದು ನೋಡಿದರೆ, ಓಬಳೇಶಪ್ಪ ತಂದ ಸೀಸವನ್ನೆಲ್ಲ ಕರಗಿಸಿ ಕೋಲಿನ ತಲೆಯ ಹೊರತುದಿಗೆ ಎರೆದಾಗಿತ್ತು. ಎತ್ತಿದರೆ ಅದು ಮುನಿಸಿಕೊಂಡ ಎಮ್ಮೆಯ ಹಾಗೆ ಬಲಕ್ಕೆ ಮೋರೆ ತಿರುಗಿಸುತ್ತಿತ್ತು.

“ಇದೇನ್ ಮಾಡಿದ್ರಿ ಮೇಸ್ತ್ರಿ?”

“ಭಾರ ಬಾಯಿ ಕಡಿಗೇ ಇರಬೇಕ್ರಿ. ಇಲ್ಲಾಂದ್ರ ಏಟು ಬೀಳಂಗಿಲ್ಲ. ನಮ್ಮಪ್ಪನೂ ಹಂಗ ಮಾಡ್ತಿದ್ದ.”

“ಇದು ಕೊಡ್ಲಿ ಅಲ್ರೀ.”

“ಹಿಡಿಯಾಕ ಕಾವು ಐತಿ, ತಲಿ ಐತಿ. ಕೊಡ್ಲಿಗೆ ಮತ್ತೇನಿರತೈತಿ?” ಎಂದ ಬೊಮ್ಮಯ್ಯ. ಮತ್ತೆ ಕಾಯಿಸಿದರೆ ಕೋಲೇ ಕೆಡುತ್ತದೆಂದೂ ಸೇರಿಸಿದ.

ದಾರಿಯುದ್ದಕ್ಕೂ ಅಮರೇಶ್ ಜೀಪಿನಲ್ಲಿ ಕುಳಿತು ಬೊಮ್ಮಯ್ಯ ಕೊಟ್ಟ ಅರದಿಂದ ಉಜ್ಜಿದ. ಮೆತ್ತನೆಯ ಸೀಸ ಅರದ ಹಲ್ಲಿಗೆ ಮೆತ್ತಿಕೊಂಡಿತೇ ಹೊರತು ಸವೆಯಲಿಲ್ಲ, ಫಳಫಳ ಹೊಳೆಯಿತು. ಕೊನೆಗೆ ಕರಿ ಟೇಪು ಸುತ್ತಿ, ವಾಣಿಶ್ರೀಗೆ ಫೋನು ಮಾಡಿ ಗೋಳು ಹೇಳಿಕೊಂಡು, ಉಚ್ಚಂಗೆಮ್ಮನಿಗೆ ಕೈಮುಗಿದು, ಕೋಲನ್ನು ಸಾಹೇಬರಿಗೆ ಒಪ್ಪಿಸಿದ. ದೊಡ್ಡ ಸಾಹೇಬರು ಕಾಯುತ್ತಿದ್ದರು. ನೋಡಲು ಪುರಸೊತ್ತಿಲ್ಲದೆ ಪ್ರವೀಣಕುಮಾರರು ಆಟಕ್ಕಿಳಿದರು.

ಮೊದಲ ಚೆಂಡು ಕುಳಿಯ ಬಲಕ್ಕೆ ಹೋಯಿತು. ಎರಡನೆಯದು ಹೂವಿನ ಕುಂಡಕ್ಕೆ. ಮುಂದಿನದು ಅಡುಗೆಯವನ ಕಾಲಿಗೆ. ಸಾಹೇಬರು ಹಲ್ಲು ಕಚ್ಚಿ ಬೆವರಿದಷ್ಟೂ ಚೆಂಡು ದೂರ ಓಡಿತು. ಅಮರೇಶ್ ಕಂಬದ ಮರೆಗೆ ಸರಿದು ನಿಂತ. ವರ್ಗ ಹಾಗಿರಲಿ, ಇದ್ದ ಕೆಲಸವೂ ಹೋಯಿತೆಂದು ಅವನಿಗೆ ಅಳುವೇ ಬಂತು. ದೊಡ್ಡ ಸಾಹೇಬರು ಮಾತ್ರ ಹೊಟ್ಟೆ ಹಿಡಿದು ನಕ್ಕು, ಗೆದ್ದ ಹುರುಪಿನಲ್ಲಿ ಪ್ರವೀಣಕುಮಾರರ ಹೆಗಲ ಮೇಲೆ ಕೈಹಾಕಿ ಏನೋ ಮಾತಾಡಿ ಊಟಕ್ಕೆ ನಡೆದರು.

ಪ್ರವೀಣಕುಮಾರರು ನೇರ ಕಂಬದ ಕಡೆ ಬಂದರು.

“ಸಾರ್, ತಪ್ಪಾತ್ರಿ. ಕುಲುಮ್ಯಾಗ...”

“ತಪ್ಪೇನು ಬಂತು? ಹೋದ ಸಲ ನಾನು ಬೇಕಂತಲೇ ಸೋತೆ. ಅದು ಗೊತ್ತಾಗಿ ಅವರು ಮುಖ ಊದಿಸಿಕೊಂಡು ಹೋದರು. ಇವತ್ತು ಗೆಲ್ಲೋಕೆ ಒದ್ದಾಡಿ ಸೋತಿದೀನಿ. ಎಷ್ಟು ಖುಷಿಯಾಗಿದಾರೆ ನೋಡಿ. ಇನ್ಮೇಲೆ ಪ್ರತಿ ತಿಂಗಳೂ ಆಡೋಕೆ ಬರ್ತಾರಂತೆ.”

ಅಮರೇಶನಿಗೆ ಹೋದ ಜೀವ ಬಂತು. “ಹಂಗಾರ ನನ್ನ ವರ್ಗ, ಸಾರ್?”

“ಆ ಮಾತು ಮುಗಿಸಿಬಿಟ್ಟೆ,” ಎಂದು ಸಾಹೇಬರು ಅವನ ಬೆನ್ನು ತಟ್ಟಿದರು. “ನಿಮ್ಮನ್ನ ಕೂಡ್ಲಿಗಿಗೆ ಕಳಿಸಿದರೆ ಈ ಕೋಲು ನೋಡಿಕೊಳ್ಳೋರು ಯಾರು? ನಾನಿರೋ ತನಕ ನೀವು ಇಲ್ಲೇ ಇರಬೇಕು ಅಂತ ದೊಡ್ಡ ಸಾಹೇಬರ ಹತ್ತಿರಾನೇ ಹೇಳಿಸಿದೀನಿ.”

ಅದೇ ಹೊತ್ತಿಗೆ ವಾಣಿಶ್ರೀಯ ಫೋನು ಬಂತು. “ಏನಾತ್ರಿ? ಸಾಹೇಬರು ಸಿಟ್ಟಾದ್ರೇನು?”

“ಇಲ್ಲ,” ಎಂದ ಅಮರೇಶ್. “ಸಿಟ್ಟಾಗಿದ್ರ ಚಲೋ ಇತ್ತು.”